ಗುರ್ದಾ ಗಟ್ಟಿ ಎಂದವನ ಸೊಕ್ಕು

ಕೇಳಿರಿ, ಭಗವಂತನ ಮಕ್ಕಳೇ. ಒಡಲು ಕೊಟ್ಟವನ ಮುಂದೆ ಬೇನೆ ಹೇಳಿಕೊಳ್ಳಲು ನಾಚದ ನೀವು ವೈದ್ಯರ ಮುಂದೆ ಮಾತ್ರ ಏಕೆ ಬಾಯಿ ಹೊಲಿದುಕೊಳ್ಳುತ್ತೀರಿ? ಔರಾದ ಸೀಮೆಯ ಗಂಗುಬಾಯಿಯ ಸಂಗತಿಯನ್ನು ಹೇಳುತ್ತೇನೆ, ಮನಸ್ಸಿಟ್ಟು ಆಲಿಸಿರಿ.

ಎರಡು ಸಾವಿರದ ಹದಿನೈದರ ಬರದಲ್ಲಿ ಕೆರೆಯ ತಳ ಬಿರಿದಾಗ, ಗಂಗುಬಾಯಿಯ ಗಂಡ ಧೊಂಡಿಬಾ ಕುರಿಗಳನ್ನು ಮಾರಿ ಬೀದರಿನ ಕೊಳಾರದ ಗೋದಾಮಿನಲ್ಲಿ ಚೀಲ ಹೊರುವ ಹಮಾಲರ ಟೋಳಿಗೆ ಸೇರಿದ. ವಾಸಕ್ಕೆ ನೌಬಾದದಲ್ಲೊಂದು ಖೋಲಿ; ಗಂಗುಬಾಯಿ ಊರಲ್ಲೇ ಉಳಿದಳು. ಅವನ ಮೂತ್ರಪಿಂಡಗಳು ಆಗಲೇ ಸೋತಿದ್ದವು. "ಗುರ್ದಾ ಕಮಜೋರ ಅದ. ಯಾರ ದವಾ ಕೊಟ್ಟರೂ ಮೊದಲ ಇದನ್ನ ಹೇಳ್ರಿ" ಎಂದು ವೈದ್ಯರು ಗಂಡಹೆಂಡಿರಿಬ್ಬರಿಗೂ ಎಚ್ಚರಿಸಿದ್ದರು.

ಆದರೆ ನಮ್ಮ ಕಡೆ ಗುರ್ದಾ ಎಂದರೆ ಮೂತ್ರಪಿಂಡವಷ್ಟೇ ಅಲ್ಲ, ಧೈರ್ಯವೂ ಹೌದು. ಗುರ್ದಾ ಇಲ್ಲದವನೆಂದರೆ ಹೇಡಿ. ಟೋಳಿಯ ಮುಖ್ಯಸ್ಥ, ಭಾಲ್ಕಿಯ ಕಾಶೀರಾಮ, ಆ ಮಾತನ್ನು ತಂಬಾಕಿನಂತೆ ಹಗಲೆಲ್ಲ ಅಗಿಯುತ್ತಿದ್ದ. "ಗುರ್ದಾ ಇದ್ದಾಂವ ಚೀಲ ಎತ್ತು, ಇಲ್ಲದಾಂವ ಸೀರಿ ಉಟ್ಕೊ!" ಪೌರುಷವನ್ನೆಲ್ಲ ಮೀಸೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಈ ಮಹಾಶಯ ತಾನು ಮಾತ್ರ ಒಂದು ಚೀಲವನ್ನೂ ಎತ್ತಿದವನಲ್ಲ. ಕುರಿಯ ಹೊಟ್ಟೆಯಲ್ಲೂ ಇರುವ ಅಂಗದ ಹೆಸರಿನಲ್ಲಿ ಎಂಥ ಜಂಭ! ಕುರಿ ಕಾಯ್ದ ಧೊಂಡಿಬಾನಿಗಾದರೂ ಅದು ತಿಳಿಯಬಾರದೇ? ಹೇಡಿ ಎನಿಸಿಕೊಳ್ಳುವ ಅಂಜಿಕೆಗೆ ಅವನೂ ಬೇನೆಯನ್ನು ಮುಚ್ಚಿಟ್ಟ.

ಮೊಳೆ ನೆಟ್ಟು ಅವನ ಕಾಲು ಬಾತು ಕೀವು ಕಟ್ಟಿತು. ಕಾಶೀರಾಮ ತನ್ನ ಗೆಳೆಯನ ಬಳಿಗೆ ಕರೆದೊಯ್ದ. ಆತ ಓದಿದ ವೈದ್ಯನಲ್ಲ. ಸೂಜಿ ಚುಚ್ಚುವುದೊಂದೇ ಅವನ ವಿದ್ಯೆ, ಚುಚ್ಚಿಸಿಕೊಳ್ಳುವವರ ಮೌಢ್ಯವೇ ಅವನ ಪದವಿ.

"ಮತ್ತೇನರ ಬ್ಯಾನಿ ಅದಾ?" ಎಂದು ಅವನು ಕೇಳಿದ.

ಧೊಂಡಿಬಾ ಬಾಯಿ ತೆರೆಯುವ ಮೊದಲೇ ಕಾಶೀರಾಮ ನಕ್ಕ. "ಇವಗೇನು ಧಾಡಿ? ನನ್ನ ಟೋಳಿ ಮನಿಷ್ಯಾ, ಗುರ್ದಾ ಗಟ್ಟಿ ಅದ! ಜೋರಿಂದೇ ಹಾಕಪಾ."

ಆ ಹೊಗಳಿಕೆಗೆ ಉಬ್ಬಿ ಧೊಂಡಿಬಾ ತೋಳೊಡ್ಡಿದ. ದಿನವೂ ಸೂಜಿ ನಡೆಯಿತು. ಕಿವಿಯಲ್ಲಿ ಜೀರುಂಡೆ ಕೂಗತೊಡಗಿತು, ನಡೆದರೆ ಮೈ ಓಲಾಡಿತು. ಕುಡಿದಿದ್ದಾನೆಂದು ಟೋಳಿ ನಕ್ಕಿತು.

ಸುದ್ದಿ ತಿಳಿದು ಗಂಗುಬಾಯಿ ಔರಾದದಿಂದ ಬಸ್ಸು ಹತ್ತಿ ಬಂದಳು. "ಏನ್ರೀ, ಕೂಗಿದರ ಯಾಕ ಓ ಅನವಲ್ರಿ?" ಗಂಡ ಅವಳ ತುಟಿಗಳನ್ನೇ ನೋಡುತ್ತ ನಿಂತಿದ್ದ. ಅವಳು ಅವನ ಕೈಹಿಡಿದು ಬೀದರಿನ ದೊಡ್ಡ ದವಾಖಾನೆಗೆ ನಡೆದಳು. ಟೋಳಿಯ ಮಾನ ಕಾಯಲು ಕಾಶೀರಾಮನೂ ಹಿಂದೆಯೇ ಬಂದ.

"ಸಕ್ಕರಿ, ಬಿಪಿ, ಗುರ್ದಾ, ಏನರ ತ್ರಾಸ ಅದಾ?" ಎಂದು ವೈದ್ಯೆ ಮುನವ್ವರ ಬೇಗಂ ಗಟ್ಟಿಯಾಗಿ ಕೇಳಿದರು. ಧೊಂಡಿಬಾ ಕಾಶೀರಾಮನ ಮುಖ ನೋಡಿ ತಲೆ ತಗ್ಗಿಸಿದ.

"ಸುಮ್ಮ ಇರವಾ, ಮಂದಿ ಮುಂದ ಮರ್ಯಾದಿ ಕಳೀಬ್ಯಾಡ" ಎಂದು ಕಾಶೀರಾಮ ಬಾಯಿ ತೆರೆಯಹೊರಟ ಗಂಗುಬಾಯಿಗೆ ಗೊಣಗಿದ.

ಗಂಗುಬಾಯಿ ಸಿಡಿದಳು. "ಇವರ ಗುರ್ದಾ ಕಮಜೋರ ಅದ ರೀ, ಡಾಕ್ಟರಬಾಯಿ! ಇಡೀ ಬೀದರ ಕೇಳಲಿ. ಗಟ್ಟಿ ಗುರ್ದಾ ಈ ಕಾಶೀರಾಮಂದು ಅದ. ಆ ಸೂಜಿ ಇವಗೇ ಹಾಕ್ರಿ!"

ಸೂಜಿಯ ಮಾತು ಕೇಳಿದ್ದೇ ಆ ಶೂರ ಬಾಗಿಲ ಕಡೆ ಸರಿದ.

"ಛಲೋ ಹೇಳಿದಿ ಬಾಯಿ" ಎಂದರು ವೈದ್ಯೆ, ಅವಳು ತಂದಿದ್ದ ಸೂಜಿಮದ್ದಿನ ಖಾಲಿ ಶೀಶೆ ನೋಡಿ. "ಆ ದವಾ ಕೆಲಸ ಮುಗಿಸಿ ಉಚ್ಚಿ ಕೂಡ ಹೊರಗ ಹೋಗಬೇಕು. ಗುರ್ದಾ ಸೋತರ ಒಳಗೇ ಉಳೀತದ, ಅದರ ಮ್ಯಾಲ ಮರುದಿನದ್ದೂ ಬೀಳ್ತದ. ಹಿಂಗ ಕೂಡಿ ಕೂಡಿ ಕಿವಿ ತಿಂತದ."

ಅವರು ಆ ಸೂಜಿಯನ್ನು ನಿಲ್ಲಿಸಿ, ರಕ್ತ ಪರೀಕ್ಷಿಸಿ, ಸೋತ ಮೂತ್ರಪಿಂಡಕ್ಕೆ ತಕ್ಕ ಅಳತೆಯಲ್ಲಿ ಬೇರೆ ಔಷಧ ಕೊಟ್ಟರು. ದೇವರ ದಯೆ, ಕಾಲು ಉಳಿಯಿತು. ಆದರೆ ಒಂದು ಕಿವಿ ಮರಳಲಿಲ್ಲ.

ಕಾಶೀರಾಮ ಈಗಲೂ ಗುರ್ದಾ ಎಂದು ಅಬ್ಬರಿಸುತ್ತಾನೆ. ಧೊಂಡಿಬಾ ಕೇಳದ ಕಿವಿಯನ್ನೇ ಅತ್ತ ತಿರುಗಿಸಿಕೊಳ್ಳುತ್ತಾನೆ. ಗಂಗುಬಾಯಿಯಂತೂ ಯಾವ ದವಾಖಾನೆಯ ಹೊಸ್ತಿಲು ತುಳಿದರೂ ನಮಸ್ಕಾರಕ್ಕಿಂತ ಮೊದಲು ಹೇಳುವುದು "ಇವರ ಗುರ್ದಾ ಕಮಜೋರ ಅದ" ಎಂಬ ಅದೊಂದೇ ಮಾತು. ಬಂಧುಗಳೇ, ನಿಮ್ಮ ಮನೆಯಲ್ಲೂ ಮೂತ್ರಪಿಂಡ ಸೋತವರಿದ್ದರೆ, ಸೂಜಿ ಏರುವ ಮೊದಲು, ಗುಳಿಗೆ ನುಂಗುವ ಮೊದಲು, ನೀವೂ ಅವಳಂತೆ ಕೂಗಿ ಹೇಳಿರಿ.