ಬೀಜಕ್ಕೆ ಬಿಟ್ಟ ಹೀರೆಕಾಯಿ

ಮೊನ್ನೆ ಹುಳಿಗೆ ಹೆಚ್ಚುತ್ತಿದ್ದಾಗ ಒಂದು ಹೀರೆಕಾಯಿ ಈಳಿಗೆಗೆ ಬಗ್ಗಲಿಲ್ಲ. ಬಲಿತುಹೋಗಿತ್ತು. ಸೀಳಿದರೆ ಒಳಗೆ ಕಪ್ಪಿಗೆ ತಿರುಗುತ್ತಿದ್ದ ಬೀಜಗಳು. ಬುಟ್ಟಿಗೆ ಎಸೆಯದೆ ಅಂಗೈಯಲ್ಲಿ ಹಿಡಿದು ನಿಂತೆ. ದೊಡ್ಡಮ್ಮ ಇದ್ದಿದ್ದರೆ ಇವನ್ನು ಬೀಜವೆಂದು ಒಪ್ಪುತ್ತಿದ್ದಳೇ?

ಸುಲಭಕ್ಕೆ ಒಪ್ಪುವವಳಲ್ಲ ಬಿಡಿ. ತೊಂಬತ್ತರ ದಶಕದಲ್ಲಿ ನಾನು ಕಾಲೇಜಿಗೆಂದು ಎನ್.ಆರ್. ಕಾಲೋನಿಯ ಅವಳ ಮನೆಯಲ್ಲಿದ್ದೆ. ಹಿತ್ತಲಿನ ಹೀರೆಬಳ್ಳಿಯ ಮೇಲೆ ಅವಳಿಗಿದ್ದ ನಿಗಾ ನನ್ನ ಮಾರ್ಕ್ಸ್ ಮೇಲಿರಲಿಲ್ಲ. ಅದರಿಂದ ನನಗೆ ಅನುಕೂಲವೇ ಆಯಿತು. ಮೊದಲು ಒಂದು ಎಳೆಗಾಯಿ ಕಿತ್ತು ಹಸಿಯಾಗಿಯೇ ಕಚ್ಚಿ ನೋಡುವಳು. ಕಹಿಯಿದ್ದರೆ ಆ ಬಳ್ಳಿಯ ಬೀಜ ಬೇಡ. ಇಲ್ಲದಿದ್ದರೆ ಅದೇ ಬಳ್ಳಿಯ ನೀಳವಾದ ಕಾಯೊಂದನ್ನು ಒಣಗಲು ಬಿಡುವಳು. ಆಮೇಲೆ ಬೀಜ ಉದುರಿಸಿ, ನೀರಲ್ಲಿ ತೇಲಿದ ಜೊಳ್ಳು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿ, ಬಚ್ಚಲೊಲೆಯ ಬೂದಿ ಬೆರೆಸಿ ಇಡುವಳು. ಬೂದಿಯಿದ್ದರೆ ಹುಳ ಬೀಳದು, ತೇವ ತಾಗದು. ಅವಳ ತಾಯಿ ಕೊಟ್ಟ ತಳಿ ಅದು.

ಒಂದು ವರ್ಷ ಹಾಗೆ ಬಿಟ್ಟ ಕಾಯಿ ಕಾಂಪೌಂಡಿನ ಆಚೆ ಜೋತುಬಿದ್ದಿತ್ತು. ಪಕ್ಕದ ಮನೆಯ ಸರೋಜಮ್ಮ ಅದನ್ನು ಕಿತ್ತುಕೊಂಡರು. ದೊಡ್ಡಮ್ಮ ಕೇಳಿದ್ದಕ್ಕೆ, ನಮ್ಮ ಕಡೆ ಬಿಟ್ಟಿದ್ದು ನಮ್ಮದಲ್ಲವೇ ಎಂದರು. ಅಲ್ಲಿಗೆ ಎರಡು ಮನೆಯ ಮಾತು ನಿಂತಿತು.

ಉಳಿದದ್ದು ತುದಿಯ ಒಂದು ಗಿಡ್ಡ ಕಾಯಿ. ಅದು ಮೋಡದ ದಿನಗಳಲ್ಲಿ ಸರಿಯಾಗಿ ಒಣಗಲಿಲ್ಲ. ಆ ವರ್ಷವೇ ಮನೆಗೆ ಗೀಸರ್ ಬಂದು ಬಚ್ಚಲೊಲೆ ಹೋಗಿತ್ತು, ಬೂದಿಯೂ ಇಲ್ಲ. ಬೀಜವನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿದಳು. ಬಿತ್ತುವ ಕಾಲಕ್ಕೆ ತೆಗೆದರೆ ಬೂಷ್ಟಿನ ವಾಸನೆ. ಬಿತ್ತಿದ್ದರಲ್ಲಿ ಒಂದೂ ಮೊಳೆಯಲಿಲ್ಲ.

ದೊಡ್ಡಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಮ್ಮಮ್ಮಂದು ಅಂತ ನನ್ಹತ್ರ ಇದ್ದಿದ್ದು ಇದೊಂದೇ ಕಣೋ," ಎಂದಳು. ಮಾರ್ಕೆಟ್ಟಿನಿಂದ ಬೇರೆ ಬೀಜ ತರಲೇ ಎಂದು ಕೇಳಲು ಹೊರಟಿದ್ದ ನಾನು ಬಾಯಿ ಮುಚ್ಚಿಕೊಂಡೆ.

ಸಂಜೆ ಸೀರೆ ಬದಲಾಯಿಸಿ ಸರೋಜಮ್ಮನ ಮನೆಗೆ ಹೊರಟಳು. ಏನಾಗುತ್ತದೋ ನೋಡಬೇಕೆಂದು ನಾನೂ ಹಿಂದೆ ಹೋದೆ. ಕುಶಲ ವಿಚಾರಿಸದೆ ನೇರ ಕೇಳಿದಳು: "ಅವತ್ತು ಕಿತ್ಕೊಂಡ್ರಲ್ಲ, ಆ ಕಾಯಿ ಏನ್ಮಾಡಿದ್ರಿ?"

"ಒಣಗಿಸಿ ಬೆನ್ನುಜ್ಜೋಕೆ ಇಟ್ಕೊಂಡೆ. ನಾರು ಚೆನ್ನಾಗಿತ್ತು."

ದೊಡ್ಡಮ್ಮನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಬೀಜ, ಎಂದಷ್ಟೇ ಅಂದಳು. ಸರೋಜಮ್ಮ ಒಳಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದರು. ಬಿಚ್ಚಿದರೆ ಬೂದಿ, ಬೂದಿಯೊಳಗೆ ಕರಿಬೀಜಗಳು, ಒಂದೊಂದೂ ಗಟ್ಟಿ.

"ಹಾಕೋಕೆ ನಮ್ಮನೇಲಿ ಮಣ್ಣೆಲ್ಲಿದೆ, ಎಲ್ಲಾ ಸಿಮೆಂಟು. ಎಸೆಯೋಕೆ ಮನಸ್ಸು ಬರ್ಲಿಲ್ಲ. ಕೊಡೋಣ ಅಂದ್ರೆ ನೀವು ಮಾತಾಡ್ತಿರ್ಲಿಲ್ಲ."

ದೊಡ್ಡಮ್ಮ ಬಹಳ ಹೊತ್ತು ಬೀಜಗಳನ್ನು ಬೆರಳಲ್ಲಿ ಹೊರಳಿಸಿದಳು. ಆಮೇಲೆ ಅರ್ಧದಷ್ಟನ್ನು ಸೆರಗಿಗೆ ಕಟ್ಟಿಕೊಂಡು ಗಂಟನ್ನು ಹಿಂದಿರುಗಿಸಿದಳು. "ಇದು ನಿಮ್ಮಲ್ಲೇ ಇರ್ಲಿ. ನಿಮ್ಮಲ್ಲಿ ಕೆಡಲ್ಲ."

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅರ್ಧ ಬೀಜ ಆ ಮನೆಯಲ್ಲೇ ಇರುತ್ತಿತ್ತು.

ಇಬ್ಬರೂ ಈಗಿಲ್ಲ. ಆ ತಳಿ ಏನಾಯಿತೆಂಬ ಕುತೂಹಲ ತಡೆಯಲಾರದೆ ನಿನ್ನೆ ಗವಿಪುರದಲ್ಲಿರುವ ಸರೋಜಮ್ಮನ ಮಗಳ ಮನೆಗೆ ಹೋದೆ. ಆಕೆ ತಾರಸಿಗೆ ಕರೆದೊಯ್ದರು. ಸಿಮೆಂಟ್ ಚೀಲಗಳಲ್ಲಿ ಮಣ್ಣು, ತಂತಿಯ ತುಂಬ ಅದೇ ಹೀರೆಬಳ್ಳಿ. ಹೊರಟವನನ್ನು ಅವರು ಕೂರಿಸಿದರು: "ಕತ್ತಲಾಗೋವರೆಗೂ ಇರಿ." ಬೆಳಕು ಇಳಿಯುತ್ತಿದ್ದಂತೆ ಹಳದಿ ಹೂಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಷ್ಟು ವರ್ಷ ಆ ಹಿತ್ತಲಲ್ಲಿ ಓಡಾಡಿದರೂ, ಹೀರೆ ಸಂಜೆ ಅರಳುತ್ತದೆಂದು ನನಗೆ ಗೊತ್ತಿರಲಿಲ್ಲ.