ವಿದ್ಯಾವತಿಯ ಸ್ಟುಡಿಯೋದಲ್ಲಿ ಜೋಗುಳ

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ರಾಬಿಯಾಳ ಬಳೆ ಅಂಗಡಿ. ಅದರ ಮೇಲಿನ ಕೋಣೆಯೇ ವಿದ್ಯಾವತಿಯ ರೆಕಾರ್ಡಿಂಗ್ ಸ್ಟುಡಿಯೋ. ಗಂಡ ಗುರುಶಾಂತ ಮದುವೆ ಮುಂಜಿಗಳಿಗೆ ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ದೊಡ್ಡ ಡಬ್ಬಿಗಳನ್ನು ಮಾರಿ ಒಂದು ಮೈಕು, ಒಂದು ಕಂಪ್ಯೂಟರ್ ತಂದಳು. ಕೆಲಸವನ್ನು ಫೋನಿನಲ್ಲಿ ನೋಡಿ ನೋಡಿ ಕಲಿತಳು. ಮಕ್ಕಳಿರಲಿಲ್ಲ. ಮನೆಯಲ್ಲಿ ಕೂತರೆ ಗೋಡೆಗಳು ಮಾತಾಡುತ್ತಿರಲಿಲ್ಲ. ಇಲ್ಲಿಯಾದರೆ ಯಾರದೋ ದನಿ ಕಿವಿಗೆ ಬೀಳುತ್ತದೆ ಎಂದುಕೊಂಡಿದ್ದಳು.

ಬಿದ್ದ ದನಿಗಳೆಲ್ಲ ಆಟೋದಲ್ಲಿ ಕೂಗಿ ಮಾರುವವರವು. ಉಳ್ಳಾಗಡ್ಡಿ ಮಾರುವವರು, ಸೀರೆ ಅಂಗಡಿಯವರು ಬಂದು ಕೂಗನ್ನು ರೆಕಾರ್ಡ್ ಮಾಡಿಸಿಕೊಂಡು ಹೋಗುತ್ತಿದ್ದರು. ಹಾಡು ಮಾತ್ರ ಬರಲಿಲ್ಲ. ಕೋಣೆ ಸರಿಯಿಲ್ಲದ್ದಕ್ಕೇ ಬರುತ್ತಿಲ್ಲವೆಂದು ಅವಳು ಕಿಟಕಿಯ ಸಂದುಗಳಿಗೆ ರಬ್ಬರ್ ತುಂಬಿದಳು, ನಾಲ್ಕೂ ಗೋಡೆಗೆ ಕೌದಿ ಹೊಡೆದಳು. ಹೈವೇ ಲಾರಿಗಳ ಸದ್ದು ನಿಂತಿತು. ದಿನಾ ಬೆಳಿಗ್ಗೆ ಮೈಕಿನ ಮುಂದೆ ಊದುಬತ್ತಿ ಹಚ್ಚಿ, ಮಾಣಿಕನಗರದ ಪ್ರಭುಗಳೇ ಒಂದು ಹಾಡು ಕಳಿಸ್ರಿ ಎಂದು ಕೈ ಮುಗಿಯುತ್ತಿದ್ದಳು.

ಬಸವಕಲ್ಯಾಣದ ಹತ್ತಿರದ ಕೊಹಿನೂರಿನಲ್ಲಿ ನಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದಾಗ ಗಿರಿಜಾಬಾಯಿಯ ಜೋಗುಳ ಕೇಳಿದಳು. ಕೂಲಿ ಮಾಡುವ ಮುದುಕಿ. ಊರಿನ ಅರ್ಧ ಮಕ್ಕಳು ಅವಳ ಹಾಡಿಗೇ ಮೊದಲ ನಿದ್ದೆ ಮಾಡಿದವರು. ಈ ಹಾಡು ತನ್ನ ಕೋಣೆಗೆ ಬರಬೇಕು, ಅಲ್ಲಿಂದ ಎಲ್ಲ ಮನೆಗಳ ತೊಟ್ಟಿಲಿಗೂ ಹೋಗಬೇಕು ಎಂದು ವಿದ್ಯಾವತಿಯ ಮನಸ್ಸು ಹಟ ಹಿಡಿಯಿತು. ಮೂರು ಸಲ ಹೋಗಿ ಕರೆದ ಮೇಲೆ ಮುದುಕಿ ಸಂತೆಯ ದಿನ ಬಸ್ಸು ಹತ್ತಿ ಬಂದಳು.

ಮೈಕಿನ ಮುಂದೆ ಕೂತು ಒಂದು ಸಾಲು ಎಳೆದು ಗಿರಿಜಾಬಾಯಿ ನಿಲ್ಲಿಸಿದಳು.

"ಏನ್ ಖೋಲಿ ಇದು, ನನ್ನವ್ವಾ? ದನಿ ಹೋಗ್ತದ, ವಾಪಸ್ ಬರವಲ್ದು. ಹತ್ತಿ ಮೂಟಿಯಾಗ ಬಾಯಿ ಇಟ್ಟು ಹಾಡಿದಂಗ ಆಗ್ಲಾಕತ್ತದ."

ವಿದ್ಯಾವತಿ ಒಂದು ಗೋಡೆಯ ಕೌದಿಗಳನ್ನೆಲ್ಲ ಕಿತ್ತು ಹಾಕಿದಳು. ಬರಿ ಗೋಡೆ ಕಂಡಾಗ ಮುದುಕಿಗೆ ಉಸಿರು ಬಂದಂತಾಯಿತು. ಗಂಟಲು ಸರಿ ಮಾಡಿಕೊಂಡವಳು ಹಾಡದೆ ಕೋಣೆಯ ಮೂಲೆಗಳನ್ನು ನೋಡತೊಡಗಿದಳು.

"ಈಗೇನಾತ್ರಿ ಆಯಿ?"

"ಕೂಸೆಲ್ಲದ?"

"ಕೂಸಿಲ್ಲರಿ. ಸುಮ್ನ ಹಾಡ್ರಿ, ನಾ ಹಿಡಕೋತೀನಿ."

"ಕೂಸಿಲ್ಲದ ಜೋಗುಳ ಹಾಡಬಾರದು. ಬರೇ ತೊಟ್ಟಿಲ ತೂಗಿದಂಗ ಅದು. ಮನಿಗಿ ಛಲೋ ಅಲ್ಲ." ಮುದುಕಿ ಸೆರಗು ಕೊಡವಿ ಎದ್ದಳು. "ಬಸ್ಸಿನ ವ್ಯಾಳ್ಯಾ ಆತು."

ಬಾಗಿಲಿಗೆ ಅಡ್ಡ ನಿಂತ ವಿದ್ಯಾವತಿಗೆ ಆಗ ತೊಟ್ಟಿಲ ಕಾರ್ಯದ ಕಲ್ಲು ನೆನಪಾಯಿತು. ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ ಕಟ್ಟಿ, ಕೂಸೆಂದೇ ಕರೆದು ತೊಟ್ಟಿಲಿಗೆ ಹಾಕುವುದುಂಟಲ್ಲ. ಅವಳು ಕೆಳಗೆ ಓಡಿದಳು.

"ರಾಬಿಯಾ, ನಿನ್ನ ಮಸಾಲಿ ಅರಿಯೋ ಕಲ್ಲ ಕೊಡು."

"ಯಾಕ ಅಕ್ಕಾ, ಹಾಡಾ ಅರೀತೀರೇನು?" ನಗುತ್ತಲೇ ರಾಬಿಯಾ ಹಿಂದಿನ ಮನೆಯಿಂದ ತಂದುಕೊಟ್ಟಳು.

ವಿದ್ಯಾವತಿ ಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮುದುಕಿಯನ್ನು ಮತ್ತೆ ಕೂರಿಸಿ ತೊಡೆಯ ಮೇಲಿಟ್ಟಳು. ಗಿರಿಜಾಬಾಯಿ ಬಾಯಿ ಮುಚ್ಚಿಕೊಂಡು ನಕ್ಕಳು. ಆದರೆ ಅವಳ ಕೈ ತಾನಾಗಿಯೇ ಬಟ್ಟೆಯ ಅಂಚನ್ನು ಸರಿಮಾಡಿತು.

"ಭಾಳ ಮಬ್ಬ ಅದ ನಿನ್ನ ಕೂಸು. ಅಳವಲ್ದು. ಆತು, ತಾಯಿ ಹೆಸರು ಹೇಳು."

"ಹೆಸರ್ಯಾಕ್ರಿ?"

"ಯಾರ ಮಗ ಅಂತ ಕರೀಲಿ ಮತ್ತ? ತಾಯಿ ಹೆಸರಿಲ್ಲದ ಹಾಡು ಯಾವ ಕೂಸಿಗೂ ಮುಟ್ಟಂಗಿಲ್ಲ."

ವಿದ್ಯಾವತಿ ಫ್ಯಾನ್ ಆರಿಸಿದಳು. ಹೆಡ್‌ಫೋನ್ ಕೈಯಲ್ಲೇ ಇತ್ತು.

"ನಂದೇ ಹೇಳ್ರಿ," ಎಂದಳು.

ಮುದುಕಿ ಅವಳ ಮುಖ ನೋಡಿದಳು. ಕಣ್ಣು ಮುಚ್ಚಿ ಹಾಡತೊಡಗಿದಳು. ಕಂಪ್ಯೂಟರಿನ ಮೇಲೆ ದನಿಯ ಹಸಿರು ಗೆರೆಗಳು ಏಳುತ್ತ ಬೀಳುತ್ತ ಹೋದವು. ಪ್ರತಿ ನುಡಿಯ ಕೊನೆಗೆ ವಿದ್ಯಾವತಿಯ ಮಗನೇ, ಮಲಗು ಎಂದು ಬರುತ್ತಿತ್ತು. ಹಾಗೆ ಅವಳ ಹೆಸರನ್ನು ಯಾರೂ ಕರೆದಿರಲಿಲ್ಲ. ತನ್ನ ಉಸಿರು ಮೈಕಿಗೆ ಕೇಳಿಸೀತೆಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಹಾಡು ಮುಗಿದ ಮೇಲೆ ಗಿರಿಜಾಬಾಯಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, "ತಗೋ, ಮಕ್ಕೊಂಡದ," ಎಂದು ಅವಳ ಮಡಿಲಿಗೆ ಕೊಟ್ಟಳು. ಇನ್ನೊಮ್ಮೆ, ಹೆಸರಿಲ್ಲದೆ ಹಾಡುತ್ತೀರಾ ಎಂದು ಕೇಳಲು ವಿದ್ಯಾವತಿಗೆ ಬಾಯಿ ಬರಲಿಲ್ಲ. ಮುದುಕಿಯನ್ನು ಬಸ್ಸಿಗೆ ಹತ್ತಿಸಿ ಬಂದಳು.

ಕಲ್ಲನ್ನು ಮತ್ತೆ ಮಡಿಲಲ್ಲಿಟ್ಟುಕೊಂಡು ಒಬ್ಬಳೇ ಕೂತು ಹಾಡನ್ನು ಕೇಳಿದಳು. ಲಾರಿಯಿಲ್ಲ, ಫ್ಯಾನಿಲ್ಲ, ಒಂದು ಕಲೆಯೂ ಇಲ್ಲ. ಕೋಣೆ ಕಡೆಗೂ ಹದಕ್ಕೆ ಬಂದಿತ್ತು. ಆದರೆ ಈ ಹಾಡನ್ನು ಯಾವ ಮನೆಯ ತೊಟ್ಟಿಲಿಗೆ ಹಾಕುವುದು? ಎಲ್ಲ ನುಡಿಯಲ್ಲೂ ಅವಳದೇ ಹೆಸರು. ಹೆಸರಿದ್ದಷ್ಟನ್ನು ಕತ್ತರಿಸಿ ತೆಗೆಯುವುದು ಅವಳಿಗೆ ಕಷ್ಟದ ಕೆಲಸವಾಗಿರಲಿಲ್ಲ. ಮೊದಲನೆಯ ನುಡಿಯ ಕೊನೆಯನ್ನು ಗುರುತು ಮಾಡಿದಳು. ಬೆರಳನ್ನು ಕತ್ತರಿಸುವ ಕೀಲಿಯ ಮೇಲೆ ಇಟ್ಟಳು. ಬೆರಳನ್ನು ಹಿಂತೆಗೆದು, ಗುರುತನ್ನಷ್ಟೇ ಅಳಿಸಿ, ಹಾಡನ್ನು ಇದ್ದ ಹಾಗೆಯೇ ಉಳಿಸಿದಳು. ಯಾರಿಗೂ ಕಳಿಸಲಿಲ್ಲ.

ಕೆಳಗಿನಿಂದ ರಾಬಿಯಾ ಕೂಗಿದಳು.

"ಅಕ್ಕಾ, ಕಲ್ಲು? ಮಸಾಲಿ ಅರೀಬೇಕು."

"ಸಂಜಿಗಿ ಕೊಡ್ತೀನಿ ರಾಬಿಯಾ."

"ಸಂಜಿ ಮಟಾ ಕಲ್ಲ ಇಟ್ಕೊಂಡು ಏನ್ ಮಾಡ್ತೀರಿ?"

ವಿದ್ಯಾವತಿ ಮಡಿಲಿನ ಭಾರ ಜಾರದಂತೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದಳು.