ಬಿಲ್ಲಿಲ್ಲದ ಮುರಿಗೆಪ್ಪನವರು

ಬ್ಯಾಟರಿ ಉಬ್ಬುವ ಮೊಬೈಲುಗಳನ್ನು ಕಂಪನಿ ವಾಪಸು ಪಡೆದು ಹೊಸದು ಕೊಡುತ್ತಿದ್ದ ಆ ತಿಂಗಳು, ಪುಣೆಯ ಸರ್ವಿಸ್ ಸೆಂಟರಿನಲ್ಲಿ ನಮ್ಮ ನೆರೆಮನೆಯ ಮುರಿಗೆಪ್ಪನವರಷ್ಟು ಸಭ್ಯ ಗಿರಾಕಿ ಇನ್ನೊಬ್ಬರಿರಲಿಲ್ಲ. ಅವರದು ಸೆಕೆಂಡ್ ಹ್ಯಾಂಡ್ ಮೊಬೈಲು, ಬಿಲ್ಲಿಲ್ಲ. ಹಾಗಾಗಿ ಸರದಿ ಬಂದಾಗಲೆಲ್ಲ ಹಿಂದಿನವರಿಗೆ ಜಾಗ ಬಿಡುವರು, ಜೇಬು ತಡಕುವರು, ಯಾರೂ ಕೇಳದಿದ್ದರೂ ಬಿಲ್ಲು ಮನೆಯಲ್ಲಿದೆಯೆಂದು ಮರಾಠಿಯಲ್ಲಿ ಹೇಳಿ ಹೊರಟುಬಿಡುವರು. ಐದನೆಯ ದಿನ ನಾನೇ ಕೈಹಿಡಿದು ಕೌಂಟರಿಗೆ ಒಯ್ದೆ. ಬಿಲ್ಲು ಬೇಕಿರಲೇ ಇಲ್ಲ. ಒಳಗಿನ ನಂಬರು ನೋಡಿ ಹುಡುಗಿ ಹೊಸದನ್ನು ಕೊಟ್ಟಳು. ಮುರಿಗೆಪ್ಪನವರು ಮಾತ್ರ ಹಳೆಯದರ ಬೆನ್ನಿಗಂಟಿದ್ದ ಕುಂಕುಮವನ್ನೇ ನೋಡುತ್ತ, "ಮನ್ಯಾಗ ಇದನ್ನ ಹೊಸಾದು ಅಂತ ಸುಳ್ಳು ಹೇಳಿದ್ದೆರಿ. ನಮ್ಮಾಕಿ ಪೂಜಿ ಮಾಡ್ಯಾಳ. ಬದಲಾಗೇದಂತ ಆಕಿಗೆ ಗೊತ್ತಾಗಬಾರದ್ರಿ" ಎಂದರು. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತು, ತಮ್ಮ ಜೀವನದ ಮೊದಲ ಹೊಸ ಮೊಬೈಲನ್ನು ಬೀಗದ ಕೈಯಿಂದ ಮೆಲ್ಲಗೆ ಗೀಚಿ ಗೀಚಿ ಹಳೆಯದು ಮಾಡತೊಡಗಿದರು.